ಹಾಡು ಬೇಕು, ಹಾಡಿದವರ ಹೆಸರು ಬೇಡವೇ?

ಪದವಿ ಮುಗಿಸಿ ಕೆಲಸದ ಕರೆಗೆ ಕಾಯುತ್ತಿರುವ ನಮ್ಮಂಥವರ ವಾಟ್ಸ್‌ಆ್ಯಪ್ ಗುಂಪುಗಳಲ್ಲಿ ಎರಡು ಬಗೆಯ ಸಂದೇಶಗಳು ತಪ್ಪದೇ ಬರುತ್ತವೆ. ಯಾವ ಇಲಾಖೆಯಲ್ಲಿ ಎಷ್ಟು ಹುದ್ದೆ ಕರೆದಿದ್ದಾರೆ ಎಂಬುದು ಒಂದು. ಈ ವಾರ ಯಾವ ಸಿನಿಮಾ ನೋಡಬೇಕು, ಯಾವ ಹಾಡು ಕೇಳಬೇಕು, ಯಾವ ಪುಸ್ತಕ ಓದಬೇಕು ಎಂಬುದು ಇನ್ನೊಂದು. ಸಂಡೂರು ತಾಲ್ಲೂಕಿನ ನಮ್ಮ ಯಶವಂತನಗರದಲ್ಲಿ ಅದಿರಿನ ಲಾರಿಗಳ ದೂಳು ಎಷ್ಟೇ ಏಳಲಿ, ನೆಟ್‌ವರ್ಕ್ ಮಾತ್ರ ಚೆನ್ನಾಗಿಯೇ ಸಿಗುತ್ತದೆ. ಹಾಗಾಗಿ ಇಂಥ ಪಟ್ಟಿಗಳಿಗೇನೂ ಬರವಿಲ್ಲ. ಅವುಗಳ ಜೊತೆಗೆ ನನ್ನದೂ ಒಂದು ಪಟ್ಟಿ ಇರಲಿ ಎಂದು ಈ ಬರಹ. ನನ್ನ ಪಟ್ಟಿಯ ತುಂಬ ಇರುವವರು ಕಪ್ಪು ಮಹಿಳೆಯರು. ಮೊದಲ ಹೆಸರುಗಳು ನಮ್ಮ ಕರ್ನಾಟಕದವೇ.

2021ರಲ್ಲಿ ಬಂದ ‘ಸಲಗ’ ಚಿತ್ರದ ‘ಟಿಣಿಂಗ ಮಿಣಿಂಗ’ ಹಾಡು ನಿಮಗೆ ನೆನಪಿರಬೇಕು. ಮದುವೆ ಮೆರವಣಿಗೆಯಿಂದ ಗಣಪತಿ ವಿಸರ್ಜನೆಯವರೆಗೆ ಅದಕ್ಕೆ ಕುಣಿಯದವರು ಕಡಿಮೆ. ಚರಣ್ ರಾಜ್ ಸಂಗೀತದ ಆ ಹಾಡಿನಲ್ಲಿ ಕೇಳುವ ಹೆಣ್ಣು ದನಿಗಳು ಗಿರಿಜಾ ಸಿದ್ದಿ ಮತ್ತು ಗೀತಾ ಸಿದ್ದಿ ಅವರವು. ಇಬ್ಬರೂ ರಂಗಭೂಮಿಯಲ್ಲಿ ಪಳಗಿದ ಕಲಾವಿದೆಯರು. ಹಾಡು ಕೋಟಿಗಟ್ಟಲೆ ಮೊಬೈಲ್‌ಗಳಿಗೆ ಮುಟ್ಟಿತು. ಹಾಡಿದವರ ಹೆಸರು? ನನ್ನ ಹತ್ತಾರು ಗೆಳೆಯ ಗೆಳತಿಯರನ್ನು ಕೇಳಿದೆ, ಒಬ್ಬರೂ ಹೇಳಲಿಲ್ಲ. ನಾನು ನೋಡಿದ ಕಾಲೇಜು ವಾರ್ಷಿಕೋತ್ಸವವೊಂದರಲ್ಲಿ ಹುಡುಗ ಹುಡುಗಿಯರು ಮುಖಕ್ಕೆ, ಕೈಗೆ ಮಸಿ ಬಳಿದುಕೊಂಡು ಇದೇ ಹಾಡಿಗೆ ಕುಣಿದರು. ಅವರಿಗೇ ಮೊದಲ ಬಹುಮಾನ. ನಮಗೆ ಆ ತಾಳ ಬೇಕು, ಆ ಉತ್ಸಾಹ ಬೇಕು. ಆ ಬಣ್ಣವೂ ಬೇಕು, ಆದರೆ ಸಂಜೆ ಸೋಪು ಹಚ್ಚಿ ತೊಳೆದುಕೊಳ್ಳುವಂತಿದ್ದರೆ ಮಾತ್ರ.

ಸಿದ್ದಿಯರು ಯಾರು ಎಂದು ಕೇಳುವವರು ಈಗಲೂ ಇದ್ದಾರೆ. ಪೋರ್ಚುಗೀಸರ ಕಾಲದಲ್ಲಿ ಆಫ್ರಿಕಾದಿಂದ ಗೋವಾಕ್ಕೆ ಗುಲಾಮರಾಗಿ ತಂದ ಜನರ ಪೈಕಿ ಹಲವರು ತಪ್ಪಿಸಿಕೊಂಡು ಪಶ್ಚಿಮ ಘಟ್ಟದ ಕಾಡು ಸೇರಿದರು. ಅವರ ಸಂತತಿಯವರು ಇಂದು ಹೆಚ್ಚಾಗಿ ಉತ್ತರ ಕನ್ನಡ ಜಿಲ್ಲೆಯ ಯಲ್ಲಾಪುರ, ಹಳಿಯಾಳ, ಮುಂಡಗೋಡ, ಅಂಕೋಲಾ ಕಡೆ ಇದ್ದಾರೆ. ಹಿಂದೂ, ಮುಸ್ಲಿಂ, ಕ್ರೈಸ್ತ ಮೂರೂ ಧರ್ಮದವರು ಅವರಲ್ಲಿದ್ದಾರೆ. ನೂರಾರು ವರ್ಷಗಳಿಂದ ಈ ಮಣ್ಣಿನಲ್ಲಿರುವ ಇವರಿಗೆ ಉತ್ತರ ಕನ್ನಡದಲ್ಲಿ ಪರಿಶಿಷ್ಟ ಪಂಗಡದ ಸ್ಥಾನ ಸಿಕ್ಕಿದ್ದು 2003ರಲ್ಲಿ. ಈ ಸಮುದಾಯದಿಂದ ಮೊದಲ ಬಾರಿಗೆ ಒಬ್ಬರು, ಶಾಂತಾರಾಮ ಸಿದ್ದಿ, ನಮ್ಮ ವಿಧಾನ ಪರಿಷತ್ತಿನಲ್ಲಿ ಕೂತದ್ದು 2020ರಲ್ಲಿ.

ಧಾರವಾಡದಲ್ಲಿ ಎಂ.ಎ. ಓದುವಾಗ ನನ್ನ ಜೊತೆ ಹಾಸ್ಟೆಲಿನಲ್ಲಿದ್ದ ಗೆಳತಿ ಹಳಿಯಾಳ ತಾಲ್ಲೂಕಿನ ಸಿದ್ದಿ ಹುಡುಗಿ. ಒಮ್ಮೆ ಪ್ರವಾಸಿ ತಾಣವೊಂದಕ್ಕೆ ಹೋದಾಗ ಟಿಕೆಟ್ ಕಿಟಕಿಯಲ್ಲಿದ್ದವರು ನಮಗೆಲ್ಲ ಟಿಕೆಟ್ ಹರಿದು ಕೊಟ್ಟು, ಅವಳಿಗೆ ಮಾತ್ರ ಪಾಸ್‌ಪೋರ್ಟ್ ಕೇಳಿದರು. ‘ಅಣ್ಣಾ, ನಂದು ಹಳಿಯಾಳ ತಾಲ್ಲೂಕು’ ಎಂದಳು. ‘ಅರೆ, ಕನ್ನಡ ಚೊಲೋ ಕಲ್ತೀರಲ್ರೀ’ ಎಂದು ಅವರು ಮೆಚ್ಚಿಕೊಂಡರು. ಆಧಾರ್ ಕಾರ್ಡ್ ನೋಡಿದ ಮೇಲೆಯೇ ಟಿಕೆಟ್ ಕೊಟ್ಟದ್ದು. ಹಾಸ್ಟೆಲ್ ಬಿಟ್ಟ ಮೇಲೆ ಇಬ್ಬರೂ ಬಾಡಿಗೆ ಕೋಣೆ ಹುಡುಕಲು ಹೋದೆವು. ಫೋನಿನಲ್ಲಿ ‘ಬಂದು ನೋಡ್ರಿ’ ಎಂದಿದ್ದ ಮನೆಯೊಡತಿ, ಅವಳನ್ನು ಕಂಡ ಕೂಡಲೇ ‘ನಿನ್ನೇನ ಒಬ್ಬರಿಗೆ ಕೊಟ್ಟೇವ್ರಿ’ ಎಂದರು. ಬಾಡಿಗೆಗಿದೆ ಎಂಬ ಬೋರ್ಡು ಮುಂದಿನ ವಾರವೂ ಅದೇ ಗೇಟಿನ ಮೇಲಿತ್ತು. ಗೆಳತಿ ಜಗಳ ಮಾಡಲಿಲ್ಲ. ‘ನಮ್ಮ ಅಕ್ಕಗೂ ಹಿಂಗ ಆಗಿತ್ತು’ ಎಂದು ಮುಂದಿನ ಓಣಿಗೆ ತಿರುಗಿದಳು. ಅವಳಿಗೆ ಅದು ಸುದ್ದಿಯೇ ಅಲ್ಲ ಎಂಬುದೇ ನನಗೆ ದೊಡ್ಡ ಸುದ್ದಿಯಾಗಿತ್ತು.

ನಾನೂ ಕಪ್ಪು ಬಣ್ಣದವಳೇ. ‘ಕಪ್ಪಿದ್ರೂ ಕಳೆ ಐತಿ’ ಎಂಬ ಮಾತು ಕೇಳುತ್ತಲೇ ಬೆಳೆದೆ. ಆ ‘ಇದ್ರೂ’ ಎಂಬುದು ಎಷ್ಟು ಚುಚ್ಚುತ್ತದೆ ಎಂದು ನನ್ನಂಥ ಹುಡುಗಿಯರಿಗೆ ಗೊತ್ತು. ನಮ್ಮ ದೇಶದಲ್ಲಿ 1975ರಿಂದ ಮಾರಾಟವಾಗುತ್ತಿದ್ದ ‘ಫೇರ್ ಆ್ಯಂಡ್ ಲವ್ಲಿ’ ಕ್ರೀಮಿನ ಹೆಸರಿನಿಂದ ‘ಫೇರ್’ ಎಂಬ ಪದ 2020ರಲ್ಲಿ ಹೋಗಿ ‘ಗ್ಲೋ’ ಬಂತು. ಆದರೆ ವರಾನ್ವೇಷಣೆಯ ಜಾಹೀರಾತುಗಳಿಂದ ‘ಬೆಳ್ಳಗಿನ ವಧು’ ಇನ್ನೂ ಹೋಗಿಲ್ಲ. ಫ್ರಂಟ್ ಆಫೀಸ್ ಕೆಲಸದ ಜಾಹೀರಾತಿನಲ್ಲಿ ‘ಆಕರ್ಷಕ ವ್ಯಕ್ತಿತ್ವ’ ಎಂದಿದ್ದರೆ ಅದರರ್ಥ ಏನೆಂದು ಕೆಲಸ ಹುಡುಕುವ ಹುಡುಗಿಯರಿಗೆ ಯಾರೂ ಬಿಡಿಸಿ ಹೇಳಬೇಕಿಲ್ಲ.

ಹಾಗೆಂದು ನನ್ನ ಕಷ್ಟವೂ ಗೆಳತಿಯ ಕಷ್ಟವೂ ಒಂದೇ ಎಂದು ನಾನು ಹೇಳಲಾರೆ. ಜನ ನನ್ನನ್ನು ‘ಯಾವ ಊರವ್ವಾ?’ ಎಂದು ಕೇಳುತ್ತಾರೆ. ಅವಳನ್ನು ‘ಯಾವ ದೇಶ?’ ಎಂದು ಕೇಳುತ್ತಾರೆ. ಬಣ್ಣ, ಗುಂಗುರು ಕೂದಲು, ಹೆಣ್ಣು ಎಂಬುದು, ಬಡತನ ಇವೆಲ್ಲ ಒಬ್ಬಳ ಮೇಲೆಯೇ ಒಟ್ಟಿಗೆ ಬೀಳುತ್ತವೆ. ಅಮೆರಿಕದ ಕಾನೂನು ಪ್ರಾಧ್ಯಾಪಕಿ ಕಿಂಬರ್ಲೆ ಕ್ರೆನ್‌ಶಾ 1989ರಲ್ಲಿ ಇದನ್ನೇ ವಿವರಿಸಿದರು. ಕಪ್ಪು ಜನರ ಪ್ರಶ್ನೆ ಎಂದರೆ ಗಂಡಸರು ಕಣ್ಣ ಮುಂದೆ ಬರುತ್ತಾರೆ, ಮಹಿಳೆಯರ ಪ್ರಶ್ನೆ ಎಂದರೆ ಬಿಳಿಯ ಹೆಂಗಸರು ಬರುತ್ತಾರೆ, ಎರಡರ ನಡುವೆ ಕಪ್ಪು ಮಹಿಳೆ ಕಾಣದೇ ಹೋಗುತ್ತಾಳೆ ಎಂಬುದು ಅವರ ವಾದದ ತಿರುಳು. ನಮ್ಮಲ್ಲೂ ನೋಡಿ. ‘ಪರಮಾತ್ಮ’ದಿಂದ ಶುರುಮಾಡಿ ಹಲವು ಚಿತ್ರಗಳಲ್ಲಿ ನಟಿಸಿದ ಪ್ರಶಾಂತ್ ಸಿದ್ದಿ ಅವರ ಮುಖ ನಮಗೆಲ್ಲ ಗೊತ್ತು. ಅಷ್ಟೇ ಗುರುತಿರುವ ಸಿದ್ದಿ ಮಹಿಳೆಯೊಬ್ಬರ ಹೆಸರು ಹೇಳಿ ಎಂದರೆ ತಡವರಿಸುತ್ತೇವೆ.

ಈ ಅಸಡ್ಡೆ ಬರೀ ಮರೆವಿನಲ್ಲಿ ಮುಗಿಯುವುದಿಲ್ಲ. 2016ರ ಜನವರಿ 31ರ ರಾತ್ರಿ ಬೆಂಗಳೂರಿನ ಹೆಸರಘಟ್ಟ ಕಡೆ ಸುಡಾನ್ ದೇಶದ ವಿದ್ಯಾರ್ಥಿಯೊಬ್ಬನ ಕಾರು ಹಾಯ್ದು ಸ್ಥಳೀಯ ಮಹಿಳೆಯೊಬ್ಬರು ಪ್ರಾಣ ಬಿಟ್ಟರು. ಆಮೇಲೆ ಬೇರೊಂದು ಕಾರಿನಲ್ಲಿ ಆ ದಾರಿಯಲ್ಲಿ ಬಂದ ತಾಂಜಾನಿಯಾದ ವಿದ್ಯಾರ್ಥಿನಿಯನ್ನು ಗುಂಪು ಎಳೆದು ಹೊಡೆಯಿತು, ಬಟ್ಟೆ ಹರಿಯಿತು, ಕಾರಿಗೆ ಬೆಂಕಿ ಹಚ್ಚಿತು. ಅಪಘಾತಕ್ಕೂ ಅವಳಿಗೂ ಸಂಬಂಧವೇ ಇರಲಿಲ್ಲ. ಇದು ಜನಾಂಗೀಯ ಹಲ್ಲೆಯಲ್ಲ ಎಂದು ಆಗಿನ ಗೃಹ ಸಚಿವರು ಹೇಳಿದರು. ಆದರೆ ಸುಡಾನಿಗೂ ತಾಂಜಾನಿಯಾಕ್ಕೂ ವ್ಯತ್ಯಾಸ ಕಾಣದಂತೆ ಮಾಡಿದ್ದು ಬಣ್ಣವಲ್ಲದೆ ಇನ್ನೇನು? ಓದಲು ನಮ್ಮ ರಾಜ್ಯಕ್ಕೆ ಬಂದ, ನಮ್ಮದೇ ವಯಸ್ಸಿನ ಹುಡುಗಿ ಅವಳು.

ಕಪ್ಪು ಮಹಿಳೆಯರನ್ನು ನಾವು ನೋಡುವುದೇ ಇಲ್ಲ ಎಂದಲ್ಲ. ವೇದಿಕೆಯ ಮೇಲಿದ್ದರೆ, ಮೈದಾನದಲ್ಲಿದ್ದರೆ ನೋಡುತ್ತೇವೆ. 1987ರಲ್ಲಿ ಕೇಂದ್ರ ಸರ್ಕಾರ ವಿಶೇಷ ಕ್ರೀಡಾ ಯೋಜನೆಯೊಂದರಲ್ಲಿ ಸಿದ್ದಿ ಮಕ್ಕಳನ್ನು ಆರಿಸಿ ಓಟದ ತರಬೇತಿಗೆ ಒಯ್ದಿತು. ಆಫ್ರಿಕಾ ಮೂಲದವರು, ಹಾಗಾಗಿ ಓಡುತ್ತಾರೆ ಎಂಬ ಲೆಕ್ಕ. ಕಮಲಾ ಸಿದ್ದಿ ಅವರಂಥವರು ಓಡಿ ಪದಕಗಳನ್ನೂ ಗೆದ್ದರು. ಕೆಲವೇ ವರ್ಷಗಳಲ್ಲಿ ಯೋಜನೆ ನಿಂತುಹೋಯಿತು. ತರಬೇತಿಯಲ್ಲಿದ್ದ ಎಷ್ಟೋ ಮಕ್ಕಳು ಊರಿಗೆ ಮರಳಿದರು. ಅವರು ಓಡಿದಾಗ ಚಪ್ಪಾಳೆ ಸಿಕ್ಕಿತು. ಓಟ ನಿಂತ ಮೇಲೆ ಅವರು ಏನಾದರು ಎಂದು ಕೇಳುವ ಗೋಜಿಗೆ ಹೆಚ್ಚಿನವರು ಹೋಗಲಿಲ್ಲ.

ಬೇರೆ ಥರವೂ ಆಗಬಹುದು ಎಂಬುದಕ್ಕೆ ನಾನು ದೂರ ಹೋಗಬೇಕಿಲ್ಲ. ನಮ್ಮ ಸಂಡೂರಿನ ಲಂಬಾಣಿ ಹೆಣ್ಣುಮಕ್ಕಳನ್ನೂ ಒಂದು ಕಾಲಕ್ಕೆ ಜನ ಬಣ್ಣದ ಬಟ್ಟೆಯ ಫೋಟೊಗೆ ಮಾತ್ರ ಕರೆಯುತ್ತಿದ್ದರು. ಅವರ ಕಸೂತಿಯೇ ಸಂಡೂರು ಕುಶಲ ಕಲಾ ಕೇಂದ್ರದ ಮೂಲಕ ದುಡಿಮೆಯಾಯಿತು, ಊರಿನ ಹೆಸರಿನಲ್ಲೇ ಭೌಗೋಳಿಕ ಗುರುತು ಪಡೆಯಿತು. 2023ರ ಜುಲೈಯಲ್ಲಿ ಹಂಪಿಯಲ್ಲಿ ಜಿ-20 ಸಭೆ ನಡೆದಾಗ 450ಕ್ಕೂ ಹೆಚ್ಚು ಲಂಬಾಣಿ ಮಹಿಳೆಯರು ಮಾಡಿದ 1,755 ವಸ್ತುಗಳ ಪ್ರದರ್ಶನ ಗಿನ್ನೆಸ್ ದಾಖಲೆ ಸೇರಿತು. ಅವರ ಕಷ್ಟವೆಲ್ಲ ತೀರಿತು ಎಂದು ನಾನು ಹೇಳುತ್ತಿಲ್ಲ. ಆದರೆ ಸೂಜಿ ಹಿಡಿದ ಕೈಗೆ ಕೂಲಿ ಬಂತು, ಕೆಲಸಕ್ಕೆ ಹೆಸರು ಬಂತು. ಮೆಚ್ಚುಗೆ ಅಂದರೆ ಅದು.

ಅದಕ್ಕೇ ನನ್ನ ಪಟ್ಟಿಯಲ್ಲಿ ಗಿರಿಜಾ, ಗೀತಾ ಅವರ ದನಿಯ ನಂತರ ಬರುವುದು ಸಿದ್ದಿ ಹೆಂಗಸರ ಕೌದಿ. ನಮ್ಮ ಕಡೆಯ ಅಜ್ಜಿಯರು ಹೊಲಿಯುವಂತೆಯೇ ಅವರೂ ಹಳೆಯ ಸೀರೆ, ಅಂಗಿಗಳ ತುಂಡು ಕೂಡಿಸಿ ಹೊಲಿಯುತ್ತಾರೆ. ಅಂಚಿನಿಂದ ಶುರುಮಾಡಿ ಸುತ್ತುತ್ತ ನಡುವಿಗೆ ಬರುತ್ತಾರೆ. ಕೊನೆಗೆ ನಾಲ್ಕು ಮೂಲೆಗೂ ‘ಫುಲ’ ಎಂದರೆ ಹೂವು ಇಡಬೇಕು. ಹೂವಿಲ್ಲದ ಕೌದಿ ಅವರ ಕಣ್ಣಿಗೆ ಬೆತ್ತಲೆ ಇದ್ದ ಹಾಗೆ. ಈ ಕೌದಿಗಳು ಅಮೆರಿಕದ ವಿದ್ವಾಂಸರ ಗಮನ ಸೆಳೆದು, ಅಲ್ಲಿ ಪ್ರದರ್ಶನ ಕಂಡಿವೆ. ಯಲ್ಲಾಪುರದಿಂದ ಹುಬ್ಬಳ್ಳಿಗೆ ಎಷ್ಟು ದೂರ ಮಹಾ? ಕೊಂಡರೆ ಚೌಕಾಸಿ ಮಾಡದೆ ಕೊಳ್ಳಿ, ಹೊಲಿದವರ ಹೆಸರು ಕೇಳಿ ತಿಳಿದುಕೊಳ್ಳಿ.

ಸಿನಿಮಾ ಬೇಕೆನ್ನುವವರು ಜಯನ್ ಚೆರಿಯನ್ ಅವರ ‘ರಿದಮ್ ಆಫ್ ದಮಾಮ್’ ಹುಡುಕಿ ನೋಡಿ. ದಮಾಮ್ ಸಿದ್ದಿಯರ ವಾದ್ಯ. ಈ ಚಿತ್ರ ಸಿದ್ದಿಯರನ್ನೇ ತೆರೆಯ ಮೇಲೆ ತಂದಿದೆ, 2024ರಲ್ಲಿ ಗೋವಾ ಚಿತ್ರೋತ್ಸವದಲ್ಲಿ ತೋರಿಸಲಾಯಿತು. ಗುಜರಾತಿನ ಜಾಂಬೂರಿನ ಹೀರಾಬಾಯಿ ಲೋಬಿ ಎಂಬ ಸಿದ್ದಿ ತಾಯಿಯ ಬಗ್ಗೆಯೂ ಓದಿ. ಮಹಿಳೆಯರ ಗುಂಪು ಕಟ್ಟಿ ದುಡಿಮೆಯ ದಾರಿ ತೋರಿದ ಅವರಿಗೆ 2023ರಲ್ಲಿ ಪದ್ಮಶ್ರೀ ಬಂತು.

ಇನ್ನು ಹೊರಗಿನ ಮೂವರು. 1993ರಲ್ಲಿ ಸಾಹಿತ್ಯದ ನೊಬೆಲ್ ಪಡೆದ ಟೋನಿ ಮಾರಿಸನ್ ಅವರ ಮೊದಲ ಕಾದಂಬರಿ ‘ದಿ ಬ್ಲೂಯೆಸ್ಟ್ ಐ’ 1970ರದು. ತನಗೆ ನೀಲಿ ಕಣ್ಣು ಬಂದರೆ ಎಲ್ಲ ಸರಿಹೋಗುತ್ತದೆ ಎಂದು ನಂಬಿದ ಕಪ್ಪು ಹುಡುಗಿಯ ಕಥೆ ಅದು. ಅರಿಸಿನ, ಕಡಲೆಹಿಟ್ಟು, ಕ್ರೀಮು ಎಂದು ಬೆಳಗೆದ್ದು ಮುಖ ಉಜ್ಜಿಕೊಂಡ ಯಾವ ಹುಡುಗಿಗೂ ಅದು ಪರದೇಶದ ಕಥೆ ಅನ್ನಿಸುವುದಿಲ್ಲ. ಸ್ಪರ್ಧಾತ್ಮಕ ಪರೀಕ್ಷೆಗೆ ಓದುವವರು ‘ಹಿಡನ್ ಫಿಗರ್ಸ್’ ನೋಡಿ. ಗಗನಯಾತ್ರಿ ಜಾನ್ ಗ್ಲೆನ್ 1962ರಲ್ಲಿ ಭೂಮಿಯನ್ನು ಸುತ್ತಿ ಬರುವ ಮುನ್ನ ಕಂಪ್ಯೂಟರಿನ ಲೆಕ್ಕವನ್ನು ಕೈಯಿಂದ ಮಾಡಿ ತಾಳೆ ನೋಡಿದವರು ಕ್ಯಾಥರೀನ್ ಜಾನ್ಸನ್. ಅವರಂಥ ಕಪ್ಪು ಮಹಿಳೆಯರ ಕೆಲಸ ಜಗತ್ತಿನ ಮನೆಮಾತಾಗಲು 2016ರಲ್ಲಿ ಒಂದು ಪುಸ್ತಕ ಮತ್ತು ಸಿನಿಮಾ ಬರಬೇಕಾಯಿತು. ಕೊನೆಯದಾಗಿ, ಕೀನ್ಯಾದ ವಾಂಗಾರಿ ಮಾಥಾಯ್. 1977ರಲ್ಲಿ ಹಳ್ಳಿಯ ಹೆಂಗಸರನ್ನು ಸೇರಿಸಿ ಸಸಿ ನೆಡಲು ಶುರುಮಾಡಿ ಕೋಟಿಗಟ್ಟಲೆ ಮರ ಬೆಳೆಸಿದ ಅವರು 2004ರಲ್ಲಿ ಶಾಂತಿ ನೊಬೆಲ್ ಪಡೆದರು. ಗಣಿಯಿಂದ ಗುಡ್ಡ ಕರಗುವುದನ್ನು ದಿನವೂ ನೋಡುವ ಸಂಡೂರಿನ ನಮಗೆ ಅವರ ಆತ್ಮಕಥೆ ಪಠ್ಯವಾಗಿದ್ದರೂ ತಪ್ಪಿಲ್ಲ.

‘ಕಲೆಗೆ ಎಂಥ ಬಣ್ಣ? ಚೆನ್ನಾಗಿದ್ದರೆ ನೋಡ್ತೀವಿ’ ಎಂದು ಗೆಳೆಯನೊಬ್ಬ ವಾದಿಸಿದ. ಕೇಳಲು ಸರಿಯಾದ ಮಾತೇ. ಆದರೆ ನಮ್ಮ ಕೈಗೆ ಬರುವ ಮೊದಲೇ ಯಾರೋ ಆರಿಸಿರುತ್ತಾರೆ. ಯಾರಿಗೆ ಪಾತ್ರ, ಯಾರ ಹೆಸರು ಪೋಸ್ಟರಿನಲ್ಲಿ ಎಂದು ನಿರ್ಧರಿಸುವಾಗ ಬಣ್ಣ ನೋಡಿರುತ್ತಾರೆ. ಬಣ್ಣ ನೋಡಿ ಜರಡಿ ಹಿಡಿದ ಮೇಲೆ ಉಳಿದದ್ದರಲ್ಲಿ ನಾವು ಬಣ್ಣ ನೋಡದೆ ಆರಿಸುತ್ತೇವೆ ಎಂದರೆ ಅದು ಎಂಥ ನ್ಯಾಯ?

ನೋಡಿ, ಓದಿ, ಸ್ಟೇಟಸ್ ಹಾಕಿದರೆ ಕೆಲಸ ಮುಗಿಯಿತು ಎಂದೂ ತಿಳಿಯಬೇಡಿ. ಇದನ್ನು ಓದುತ್ತಿರುವ ನಿಮ್ಮಲ್ಲಿ ಕೆಲವರು ಇನ್ನೆರಡು ವರ್ಷಕ್ಕೆ ಬ್ಯಾಂಕಿನ ಕೌಂಟರಿನಲ್ಲಿ, ಶಾಲೆಯಲ್ಲಿ, ಪೊಲೀಸ್ ಠಾಣೆಯಲ್ಲಿ, ಕಂಪನಿಯ ಸಂದರ್ಶನದ ಮೇಜಿನ ಆಚೆ ಕೂತಿರುತ್ತೀರಿ. ನಿಮ್ಮ ಮುಂದೆ ಒಬ್ಬ ಸಿದ್ದಿ ಹುಡುಗಿ ಅರ್ಜಿ ಹಿಡಿದು ನಿಲ್ಲಬಹುದು. ಹಾಡು ಬರುತ್ತದಾ, ಕುಣಿಯುತ್ತೀಯಾ, ಯಾವ ದೇಶ ಎಂದು ಕೇಳಬೇಡಿ. ಉಳಿದವರನ್ನು ಕೇಳುವಂತೆಯೇ ಅವಳ ಹೆಸರು, ಊರು, ಅಂಕ ಕೇಳಿ. ಕುರ್ಚಿ ತೋರಿಸಿ ಕೂರಲು ಹೇಳಿ.