ಆಕಳ ರೋಗ, ಮಂಗನ ಜೀವಕೋಶ

2022ರಲ್ಲಿ ಚರ್ಮಗಂಟು ರೋಗ ಬೆಳಗಾವಿ ಜಿಲ್ಲೆಗೆ ಕಾಲಿಟ್ಟಾಗ ಚಿಕ್ಕೋಡಿ, ರಾಯಬಾಗ, ಅಥಣಿ, ಕಾಗವಾಡ ಕಡೆ ಯಾರಿಗೆ ಫೋನ್ ಮಾಡಿದರೂ ಮಾತು ದನಗಳದ್ದೇ. ಮೈತುಂಬ ಗಂಟು, ಜ್ವರ, ಹಾಲು ಇಳಿತ. ಆಗ ಹಾಕಿದ್ದು ಆಡಿನ ಸಿಡುಬಿನ ಲಸಿಕೆ. ಎರಡೂ ವೈರಸ್‌ಗಳು ಅಣ್ಣತಮ್ಮಂದಿರಂತೆ, ಹಾಗಾಗಿ ಒಂದಷ್ಟು ರಕ್ಷಣೆ ಸಿಗುತ್ತದೆ. "ಹಂಗಾದ್ರ ಆಕಳದ್ದೇ ಲಸಿಕಿ ಯಾಕಿಲ್ಲ?" ಅಂತ ನಮ್ಮ ಕಾಕಾ ಕೇಳಿದ್ರು. ನಾನು ಸಾಫ್ಟ್‌ವೇರ್‌ನವ, ಆದರೂ ಹುಡುಕಿ ಓದಿದೆ.

ವೈರಸ್ ತಾನಾಗಿ ಬೆಳೆಯೋದಿಲ್ಲ, ಅದಕ್ಕೆ ಜೀವಂತ ಕೋಶ ಬೇಕು. 1962ರಲ್ಲಿ ಜಪಾನಿನ ಚಿಬಾ ವಿಶ್ವವಿದ್ಯಾಲಯದಲ್ಲಿ ಯಾಸುಮುರಾ ಮತ್ತು ಕವಾಕಿತಾ ಆಫ್ರಿಕಾದ ಹಸಿರು ಮಂಗನ ಮೂತ್ರಪಿಂಡದಿಂದ ಕೋಶಗಳನ್ನು ತೆಗೆದು ಬಾಟಲಿಯಲ್ಲಿ ಬೆಳೆಸಿದರು. ಮನೆಯ ಹೆಪ್ಪಿನ ಹಾಗೆ ಒಂದರಿಂದ ಇನ್ನೊಂದಕ್ಕೆ ದಾಟುತ್ತಾ ಅವು ಇಂದಿಗೂ ಬದುಕಿವೆ. ಹೆಸರು ವೆರೋ. ವೈರಸ್ ಬಂದಾಗ ನಮ್ಮ ಕೋಶಗಳು ಇಂಟರ್‌ಫೆರಾನ್ ಎಂಬ ಎಚ್ಚರಿಕೆ ಕೂಗುತ್ತವೆ. ವೆರೋ ಕೋಶಕ್ಕೆ ಅದನ್ನು ತಯಾರಿಸೋಕೆ ಬರಲ್ಲ, ಹಾಗಾಗಿ ಅನೇಕ ವೈರಸ್‌ಗಳು ಅದರಲ್ಲಿ ಸಲೀಸಾಗಿ ಬೆಳೆಯುತ್ತವೆ.

ಲ್ಯಾಬಿನಲ್ಲಿ ರೋಗಿಯ ಮಾದರಿಯನ್ನು ಇಂಥ ಕೋಶಗಳ ಪದರದ ಮೇಲೆ ಹಾಕಿ, ದಿನಾ ಸೂಕ್ಷ್ಮದರ್ಶಕದಲ್ಲಿ ನೋಡ್ತಾರೆ. ಕೋಶಗಳು ದುಂಡಗಾಗಿ ಕಳಚಿಕೊಂಡರೆ ಒಳಗೆ ವೈರಸ್ ಕೆಲಸ ಮಾಡ್ತಿದೆ ಅಂತ ಗುಮಾನಿ. ಆಮೇಲೆ ಬೇರೆ ಪರೀಕ್ಷೆಯಿಂದ ಯಾವ ವೈರಸ್ ಎಂದು ಖಾತ್ರಿ ಮಾಡ್ತಾರೆ. ನಮ್ಮ ಭಾಷೆಯಲ್ಲಿ ಹೇಳೋದಾದ್ರೆ, ಪಿಸಿಆರ್ ಅಂದರೆ ಕೋಡಿನಲ್ಲಿ ಒಂದು ಸಾಲು ಹುಡುಕಿದಂತೆ. ಗಂಟೆಗಳಲ್ಲಿ ಮುಗಿಯುತ್ತೆ, ಸತ್ತ ವೈರಸ್ಸನ್ನೂ ತೋರಿಸುತ್ತೆ. ಕೋಶದಲ್ಲಿ ಬೆಳೆಸೋದು ಪ್ರೋಗ್ರಾಮನ್ನೇ ಓಡಿಸಿ ನೋಡಿದಂತೆ. ದಿನಗಳು ಬೇಕು, ಆದರೆ ವೈರಸ್ ಜೀವಂತವಾಗಿ ಕೈಗೆ ಸಿಗುತ್ತೆ.

ಲಸಿಕೆಗೆ ಬೇಕಾದದ್ದು ಅದೇ. ರಾಂಚಿಯ ದನಗಳಿಂದ 2019ರಲ್ಲಿ ಸಿಕ್ಕ ವೈರಸ್ಸನ್ನು ಹಿಸಾರದ ರಾಷ್ಟ್ರೀಯ ಅಶ್ವ ಸಂಶೋಧನಾ ಕೇಂದ್ರದವರು ವೆರೋ ಕೋಶಗಳಲ್ಲಿ ಸುಮಾರು 50 ಸಲ ದಾಟಿಸಿದರು. ಬಾಟಲಿಯ ಬದುಕಿಗೆ ಒಗ್ಗುತ್ತಾ ಹೋದ ವೈರಸ್ ಆಕಳಿಗೆ ರೋಗ ತರುವ ಕಸುವು ಕಳೆದುಕೊಂಡಿತು. ಅದೇ ಲಂಪಿ-ಪ್ರೊವ್ಯಾಕ್, 2022ರ ಆಗಸ್ಟ್‌ನಲ್ಲಿ ಬಿಡುಗಡೆಯಾಯಿತು. ಕಾಕಾನ ಪ್ರಶ್ನೆಗೆ ಉತ್ತರ ಇಷ್ಟೇ: ವೈರಸ್ಸನ್ನು ಪಳಗಿಸೋಕೆ ವರ್ಷಗಳು ಬೇಕು, ರೋಗ ಅಷ್ಟು ದಿನ ಕಾಯೋದಿಲ್ಲ.

ಇದೆಲ್ಲ ಶುರುವಾಗೋದು ಯಾರದೋ ಕೊಟ್ಟಿಗೆಯ ಒಂದು ಹಕ್ಕಳೆಯಿಂದ. ಗಂಟು ಕಂಡರೆ ಸಂತೆಗೆ ಹೊಡೆದು ಕೈತೊಳೆದುಕೊಳ್ಳಬೇಡಿ. ನೊಣ, ಸೊಳ್ಳೆ ರೋಗ ಹರಡುತ್ತವೆ, ಅವಕ್ಕೆ ಕಾಗವಾಡದ ಗಡಿ ಗೊತ್ತಿಲ್ಲ. ದನವನ್ನು ಬೇರೆ ಕಟ್ಟಿ, ಪಶುವೈದ್ಯರನ್ನು ಕರೆಸಿ, ಮಾದರಿ ತೆಗೆಯಲು ಬಿಡಿ. ಈ ರೋಗ ಮನುಷ್ಯರಿಗೆ ಬರಲ್ಲ, ಮುಚ್ಚಿಡೋ ಕಾರಣವೇ ಇಲ್ಲ.