ಪಗಾರ ನಿಂತಾಗ ಬ್ರೇಕ್ ಒತ್ತೋರು ಯಾರು?

2012ರ ಅಕ್ಟೋಬರ್ 20ರಂದು ಕಿಂಗ್‌ಫಿಷರ್ ಏರ್‌ಲೈನ್ಸ್‌ನ ಪರವಾನಗಿ ಅಮಾನತಾಯಿತು. ಪೈಲಟ್‌ಗಳು, ಎಂಜಿನಿಯರ್‌ಗಳು, ಇತರೆ ಸಿಬ್ಬಂದಿ ತಿಂಗಳುಗಟ್ಟಲೆ ಪಗಾರ ಕಂಡಿರಲಿಲ್ಲ. ಎಂಟು ದಿನ ಬಿಟ್ಟು, ಅಕ್ಟೋಬರ್ 28ರಂದು, ಗ್ರೇಟರ್ ನೋಯ್ಡಾದಲ್ಲಿ ಇಂಡಿಯನ್ ಗ್ರ್ಯಾನ್ ಪ್ರಿ ನಡೆಯಿತು. ವಿಜಯ್ ಮಲ್ಯ ಸಹ-ಮಾಲೀಕರಾಗಿದ್ದ ಫೋರ್ಸ್ ಇಂಡಿಯಾದ ಎರಡೂ ಕಾರುಗಳು ಓಡಿದವು. ನಿಕೊ ಹಲ್ಕೆನ್‌ಬರ್ಗ್ ಎಂಟನೇ ಸ್ಥಾನ ಪಡೆದರು.

ಇದನ್ನ ಶ್ರೀಮಂತರ ಶೋಕಿ ಅಂತ ಬೈದು ಮುಗಿಸೋದು ಸುಲಭ. ಆದರೆ ಅದೇ ತಂಡದ 2018ರ ಸೀಸನ್ ನೋಡಿದರೆ ಇನ್ನೂ ಕೆಲಸಕ್ಕೆ ಬರುವ ಪಾಠ ಸಿಗುತ್ತೆ. ಆ ವರ್ಷ ಪಗಾರದ ಬಿಸಿ ಫೋರ್ಸ್ ಇಂಡಿಯಾಕ್ಕೂ ತಟ್ಟಿತ್ತು.

ಎಂಜಿನಿಯರಿಂಗ್ ಓದಿದವನಾಗಿ ನನಗೆ ಈ ತಂಡದ ಮೇಲೆ ಮೊದಲಿನಿಂದಲೂ ಗೌರವ. 2007ರಲ್ಲಿ ಸ್ಪೈಕರ್ ತಂಡವನ್ನು ಖರೀದಿಸಿ ಮಲ್ಯ ಹೆಸರು ಬದಲಿಸಿದ್ದರು. ಕೆಲಸ ಮಾಡುತ್ತಿದ್ದುದು ಮಾತ್ರ ಇಂಗ್ಲೆಂಡ್‌ನ ಸಿಲ್ವರ್‌ಸ್ಟೋನ್‌ನ ಕಾರ್ಖಾನೆಯ ಜನ. ದೊಡ್ಡ ತಂಡಗಳ ಬಜೆಟ್ಟಿನ ಮುಂದೆ ಪುಡಿಗಾಸಿನಂಥ ದುಡ್ಡಲ್ಲಿ 2016 ಮತ್ತು 2017ರಲ್ಲಿ ಅವರು ತಂಡಗಳ ಪಟ್ಟಿಯಲ್ಲಿ ನಾಲ್ಕನೇ ಸ್ಥಾನಕ್ಕೆ ಬಂದರು. 2018ರಲ್ಲೂ ಅಜರ್‌ಬೈಜಾನ್‌ನಲ್ಲಿ ಸೆರ್ಜಿಯೊ ಪೆರೆಜ್ ಮೂರನೆಯವರಾದರು. ಕಾರು ಚೆನ್ನಾಗಿತ್ತು, ಖಜಾನೆ ಖಾಲಿಯಾಗಿತ್ತು.

ಜುಲೈ ಕೊನೆಗೆ, ಹಂಗೆರಿ ರೇಸಿನ ವಾರಾಂತ್ಯದಲ್ಲೇ, ಲಂಡನ್ ಹೈಕೋರ್ಟ್ ತಂಡವನ್ನು ಆಡಳಿತಾಧಿಕಾರಿಗಳ ಕೈಗೆ ಒಪ್ಪಿಸಿತು. ಕೋರ್ಟಿನ ಬಾಗಿಲು ತಟ್ಟಿದ್ದು ಸ್ವತಃ ಡ್ರೈವರ್ ಪೆರೆಜ್. ಅವರಿಗೂ ತಂಡದಿಂದ ಸಂಬಳ ಬಾಕಿ ಇತ್ತು. ಸುಮ್ಮನಿದ್ದರೆ ಬಾಕಿ ಬರಬೇಕಿದ್ದ ಇನ್ನೊಬ್ಬರು ಕಂಪನಿಯನ್ನೇ ಮುಚ್ಚಿಸುವ ಸ್ಥಿತಿಯಿತ್ತು. ತಂಡ ಓಡುತ್ತಿರುವಾಗಲೇ ಮಾಲೀಕರ ಕೈಯಿಂದ ಸ್ಟೀರಿಂಗ್ ಕಿತ್ತುಕೊಳ್ಳಬೇಕು ಅನ್ನೋದು ಅವರ ಲೆಕ್ಕಾಚಾರ.

ಲೆಕ್ಕ ಸರಿಹೋಯಿತು. ಕೆನಡಾದ ಲಾರೆನ್ಸ್ ಸ್ಟ್ರೋಲ್ ನೇತೃತ್ವದ ಗುಂಪು ತಂಡವನ್ನು ಕೊಂಡಿತು. 405 ಜನರ ಕೆಲಸ ಉಳಿಯಿತು. ಆಗಸ್ಟ್ ಕೊನೆಗೆ ಬೆಲ್ಜಿಯಂನಲ್ಲಿ ಹೊಸ ಹೆಸರಲ್ಲಿ ಕಾರು ಇಳಿಯಿತು, ಒಂದು ರೇಸೂ ತಪ್ಪಲಿಲ್ಲ. ಹಳೇ 59 ಪಾಯಿಂಟು ಅಳಿಸಿಹೋಗಿದ್ದರೂ ಸೊನ್ನೆಯಿಂದ ಶುರು ಮಾಡಿ 52 ಗಳಿಸಿ ಏಳನೇ ಸ್ಥಾನಕ್ಕೆ ಬಂದರು. ಸ್ಟ್ರೋಲ್ ಏನೂ ಧರ್ಮಕ್ಕೆ ಬಂದವರಲ್ಲ. ಮರುವರ್ಷ ಅವರ ಮಗನಿಗೆ ಸೀಟು ಸಿಕ್ಕಿತು, ಎಸ್ತೆಬಾನ್ ಒಕಾನ್ ಹೊರಬಿದ್ದರು. ಆದರೂ ಅದೇ ತಂಡ ಇವತ್ತು ಆಸ್ಟನ್ ಮಾರ್ಟಿನ್ ಹೆಸರಲ್ಲಿ ಓಡುತ್ತಿದೆ.

ಈಗ ಬೆಂಗಳೂರಿನ ಕಂಪನಿಯನ್ನು ನೋಡಿ. ಕಿಂಗ್‌ಫಿಷರ್ ನಿಂತಿದ್ದು 2012ರಲ್ಲಿ. ಅದನ್ನು ಮುಚ್ಚಲು ಕರ್ನಾಟಕ ಹೈಕೋರ್ಟ್ ಆದೇಶ ಬಂದಿದ್ದು 2016ರ ನವೆಂಬರ್‌ನಲ್ಲಿ. ಅಷ್ಟರೊಳಗೆ ಕೊಳ್ಳುವಂಥದ್ದು ಏನು ಉಳಿದಿತ್ತು? ಹಾರದ ವಿಮಾನಯಾನ ಕಂಪನಿಗೆ ಗಿರಾಕಿ ಸಿಗೋದಿಲ್ಲ. ಮಾಲೀಕರು ಅದೇ ವರ್ಷ ಮಾರ್ಚ್‌ನಲ್ಲೇ ದೇಶ ಬಿಟ್ಟಿದ್ದರು. ಬ್ಯಾಂಕುಗಳ ಸಾವಿರಾರು ಕೋಟಿಯ ಸುದ್ದಿ ಪ್ರೈಮ್ ಟೈಮಲ್ಲಿ ಬಂತು, ಸಿಬ್ಬಂದಿಯ ಬಾಕಿ ಅಡಿಬರಹಕ್ಕೆ ಸರಿಯಿತು.

ಇವರನ್ನು ರಾಜ್ಯಸಭೆಗೆ ಕಳಿಸಿದ್ದು ನಾವೇ ಆರಿಸಿದ ಶಾಸಕರು. 2002ರಲ್ಲಿ ಕಾಂಗ್ರೆಸ್, ಜೆಡಿಎಸ್ ಬೆಂಬಲ. 2010ರಲ್ಲಿ ಬಿಜೆಪಿ, ಜೆಡಿಎಸ್ ಬೆಂಬಲ. ಹೀಗಾಗಿ ಟ್ವಿಟರ್‌ನಲ್ಲಿ 'ನಿಮ್ಮವನೇ ಮಲ್ಯ' ಅಂತ ಒಬ್ಬರಿಗೊಬ್ಬರು ಬೆರಳು ತೋರಿಸೋ ಆಟದಲ್ಲಿ ಎಲ್ಲರೂ ಔಟ್.

2016ರಲ್ಲಿ ದಿವಾಳಿ ಸಂಹಿತೆ ಬಂತಲ್ಲ, ಈಗ ಸರಿಯಾಗಿದೆಯಲ್ಲ ಅಂತ ನೀವು ಕೇಳಬಹುದು. ಅರ್ಧ ಮಾತ್ರ. ಬಾಕಿ ಇರುವ ನೌಕರ ಕೂಡ ಅರ್ಜಿ ಹಾಕಬಹುದು ಅಂತ ಸಂಹಿತೆ ಹೇಳುತ್ತದೆ. ಆದರೆ 2020ರ ಮಾರ್ಚ್‌ನಲ್ಲಿ ಕೇಂದ್ರ ಸರ್ಕಾರ ಅರ್ಜಿಗೆ ಬೇಕಾದ ಕನಿಷ್ಠ ಬಾಕಿಯನ್ನು 1 ಲಕ್ಷದಿಂದ 1 ಕೋಟಿಗೆ ಏರಿಸಿತು. ಕೋವಿಡ್ ಹೊತ್ತಲ್ಲಿ ಸಣ್ಣ ಉದ್ಯಮಗಳನ್ನು ಕಾಪಾಡಲು ಅಂದರು. ಕಾರಣ ಒಪ್ಪೋಣ. ಪೆರೆಜ್‌ಗೆ ಆ ಮಿತಿ ದಾಟೋದು ಕಷ್ಟವಲ್ಲ, ತಿಂಗಳಿಗೆ ನಲವತ್ತು ಸಾವಿರ ಎಣಿಸೋ ಮೆಕ್ಯಾನಿಕ್ ಒಬ್ಬನೇ ಒಂದು ಕೋಟಿ ತಲುಪಬೇಕಾದರೆ ಇಪ್ಪತ್ತು ವರ್ಷಕ್ಕೂ ಹೆಚ್ಚು ಪಗಾರವಿಲ್ಲದೆ ದುಡೀಬೇಕು. ಕಾರ್ಮಿಕ ಸಂಘ ಎಲ್ಲರ ಪರವಾಗಿ ಹೋಗಬಹುದು ಅಂತ 2019ರಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಸಂಘವೇ ಇಲ್ಲದ ಸ್ಟಾರ್ಟಪ್‌ನಲ್ಲಿ ಕೂತು ಇದನ್ನು ಓದುತ್ತಿರುವವರು ಸ್ವಲ್ಪ ಯೋಚನೆ ಮಾಡಿ.

ನಮ್ಮ ಬೈಲಹೊಂಗಲ ತಾಲೂಕಿನ ದೊಡವಾಡದ ಕಡೆ ಇದನ್ನ ಅರ್ಥಮಾಡಿಸೋಕೆ ಫಾರ್ಮುಲಾ ಒನ್ ಬೇಕಿಲ್ಲ. ಅಲ್ಲಿ 'ಬಿಲ್ ಆತೇನ್ರಿ?' ಅಂದರೆ ಕಬ್ಬಿನ ಬಿಲ್. 1966ರ ಕಬ್ಬು ನಿಯಂತ್ರಣ ಆದೇಶದ ಪ್ರಕಾರ ಕಬ್ಬು ಕೊಟ್ಟ 14 ದಿನದೊಳಗೆ ದುಡ್ಡು ಬರಬೇಕು, ತಡವಾದರೆ ವರ್ಷಕ್ಕೆ ಶೇ 15 ಬಡ್ಡಿ ಸೇರಬೇಕು. ಭೂಕಂದಾಯದ ಬಾಕಿಯಂತೆ ಕಾರ್ಖಾನೆಯಿಂದ ವಸೂಲಿ ಮಾಡುವ ದಾರಿಯೂ ಅದರಲ್ಲಿದೆ. ಕಾನೂನು ಖರೇನ ಚಲೋ ಐತಿ. ಆದರೆ ವಸೂಲಿಗೆ ಕೈಹಾಕಬೇಕಾದವರು ಅಧಿಕಾರಿಗಳು. ರೈತ ಮನವಿ ಕೊಡಬಹುದು, ರಸ್ತೆ ತಡೆಯಬಹುದು, ಬ್ರೇಕ್ ಒತ್ತೋ ಹಾಗಿಲ್ಲ. ಬೆಳಗಾವಿ ಜಿಲ್ಲೆಯಲ್ಲಿ ಕಾರ್ಖಾನೆ, ಸಹಕಾರ ಬ್ಯಾಂಕು, ವಿಧಾನಸಭೆ ಮೂರರಲ್ಲೂ ಅವೇ ಮುಖಗಳು ಕಾಣುವಾಗ ಅಧಿಕಾರಿ ಎಷ್ಟು ಜೋರಾಗಿ ಒತ್ತಿಯಾನು?

2018ರಲ್ಲಿ ಸಿಲ್ವರ್‌ಸ್ಟೋನ್‌ನವರನ್ನು ಉಳಿಸಿದ್ದು ಮಾಲೀಕರ ಒಳ್ಳೇತನವಲ್ಲ. ದುಡ್ಡು ಬರಬೇಕಾದವನೇ, ಗಾಡಿ ಇನ್ನೂ ಓಡುತ್ತಿರುವಾಗಲೇ, ಕೋರ್ಟಿಗೆ ಹೋಗಿ ಮಾಲೀಕರನ್ನು ಪಕ್ಕಕ್ಕೆ ಸರಿಸಲು ಆಯಿತು. ಹಾಗಾದರೆ ನಾವು ಕೇಳಬೇಕಾದ್ದು ಎರಡು. ಪಗಾರದ ಬಾಕಿಗೆ ಆ ಒಂದು ಕೋಟಿಯ ಗೋಡೆ ತೆಗೀರಿ. ಕಬ್ಬಿನ ಬಿಲ್ಲಿಗೆ ಹದಿನೈದನೇ ದಿನ ವಸೂಲಿ ತಾನಾಗಿ ಶುರುವಾಗೋ ಹಾಗೆ ಮಾಡಿ, ಯಾರ ಸಹಿಗೂ ಕಾಯದೆ. ಮುಂದಿನ ಸಲ ಮತ ಕೇಳೋಕೆ ಬಂದವರಿಗೆ ಮಲ್ಯ ಯಾರವನು ಅಂತ ಕೇಳೋದಕ್ಕಿಂತ ಈ ಎರಡನ್ನು ಕೇಳಿದರೆ ಬೆವರು ಜಾಸ್ತಿ ಇಳಿಯುತ್ತೆ.