ಆಕಾಶವಾಣಿ ಯಾರ ಮನೆಯ ಸೊತ್ತು?

‘ರೇಡಿಯೋ ಸರಕಾರದ್ದಲ್ಲೇನ್ರೀ? ಸರಕಾರ ಹೇಳಿದ್ದನ್ನ ಅದು ಹೇಳತೈತಿ.’ ಈ ಮಾತನ್ನು ನಮ್ಮ ಕುಂದಗೋಳದಲ್ಲಿ ಯಾರ ಪಡಸಾಲೆಯಲ್ಲಿಯೂ ಕೇಳಬಹುದು. ಅದು ಬೈಗುಳವಲ್ಲ, ದೂರೂ ಅಲ್ಲ. ಮಳೆ ಮೇಲಿನಿಂದ ಬೀಳುತ್ತದೆ ಎನ್ನುವಷ್ಟು ಸಹಜವಾಗಿ ಬರುವ ಮಾತು. ನನ್ನ ತಕರಾರು ಇರುವುದೇ ಈ ಸಹಜತೆಯ ಮೇಲೆ. ರೇಡಿಯೋ ಸರಕಾರದ್ದಲ್ಲ, ಸರಕಾರದ ವಶದಲ್ಲಿರುವಂಥದು. ಇವೆರಡರ ಅಂತರವನ್ನು ಹೆಣ್ಣುಮಕ್ಕಳಿಗೆ ಬಿಡಿಸಿ ಹೇಳಬೇಕಾಗಿಲ್ಲ. ತವರಿನವರು ಹಾಕಿದ ಬಂಗಾರ ನಮ್ಮದೇ, ತಿಜೋರಿಯ ಕೀಲಿ ಮಾತ್ರ ಇನ್ನೊಬ್ಬರ ಕಿಸೆಯಲ್ಲಿ!

ಮೊದಲಿಗೆ ಹೆಸರಿನ ಮಾತು. ‘ಆಕಾಶವಾಣಿ’ ದಿಲ್ಲಿಯಲ್ಲಿ ಹುಟ್ಟಿದ ಹೆಸರಲ್ಲ. 1935ರಲ್ಲಿ ಮೈಸೂರಿನ ಮನೋವಿಜ್ಞಾನದ ಪ್ರಾಧ್ಯಾಪಕ ಎಂ.ವಿ. ಗೋಪಾಲಸ್ವಾಮಿಯವರು ತಮ್ಮ ಮನೆಯಲ್ಲಿಯೇ ನಡೆಸಿದ ಬಾನುಲಿ ಕೇಂದ್ರಕ್ಕೆ ಬಂದ ಹೆಸರು ಅದು. ಒಬ್ಬ ಮೇಷ್ಟ್ರ ಮನೆಯಲ್ಲಿ ಹುಟ್ಟಿದ ಕೂಸನ್ನು ಆಮೇಲೆ ಮೈಸೂರು ಸಂಸ್ಥಾನ ಸಾಕಿತು. 1950ರ ದಶಕದಲ್ಲಿ ಕೇಂದ್ರ ಸರಕಾರ ಆ ಹೆಸರನ್ನು ಇಡೀ ದೇಶದ ರೇಡಿಯೋಕ್ಕೆ ತೆಗೆದುಕೊಂಡಿತು. 2023ರಲ್ಲಂತೂ ‘ಆಲ್ ಇಂಡಿಯಾ ರೇಡಿಯೋ’ ಎಂಬುದನ್ನು ಬಿಟ್ಟು ಅದೊಂದನ್ನೇ ಇಟ್ಟುಕೊಂಡಿತು. ಹೆಸರು ಜನರಿಂದ ಹೋಯಿತು, ಒಡೆತನ ಜನರಿಗೆ ಬರಲಿಲ್ಲ.

ಸರಕಾರದ ರೊಕ್ಕ ಒಳ್ಳೆಯದನ್ನು ಮಾಡಿಲ್ಲವೇ? ಮಾಡಿದೆ. ಸವಾಯಿ ಗಂಧರ್ವರು ನಮ್ಮೂರಿನವರು. ಅವರಲ್ಲಿ ಕಲಿಯಲು ಗಂಗೂಬಾಯಿ ಹಾನಗಲ್ಲರು ಹುಬ್ಬಳ್ಳಿಯಿಂದ ರೈಲಿನಲ್ಲಿ ಇಲ್ಲಿಗೆ ಬರುತ್ತಿದ್ದರು. ನಾಡಿಗೇರ ವಾಡೆಯಲ್ಲಿ ರಾತ್ರಿಯಿಡೀ ಹಾಡು ನಡೆದರೂ, ಅಡಿಗೆಮನೆ ಬಿಟ್ಟು ಹೋಗಿ ಅಲ್ಲಿ ಕೂಡ್ರುವ ಭಾಗ್ಯ ಎಷ್ಟು ಹೆಣ್ಣುಮಕ್ಕಳಿಗಿತ್ತು? 1950ರ ಜನವರಿ 8ರಂದು ಧಾರವಾಡ ಕೇಂದ್ರ ಶುರುವಾದ ಮೇಲೆ ಆ ಹಾಡೇ ಒಲೆಯ ಹತ್ತಿರಕ್ಕೆ ಬಂತು. ಬೇಂದ್ರೆಯವರು ಆ ಕೇಂದ್ರಕ್ಕೆ ಸಲಹೆಗಾರರಾಗಿದ್ದರು, ಮಲ್ಲಿಕಾರ್ಜುನ ಮನಸೂರರು ಸಂಗೀತಕ್ಕೆ ಸಲಹೆಗಾರರಾಗಿದ್ದರು. ರೊಟ್ಟಿ ಬಡಿಯುವ ಕೈ ನಿಲ್ಲಿಸದೆ ಕೇಳಬಹುದಾದ ವಿದ್ಯೆ ಅದೊಂದೇ ಆಗಿತ್ತು.

ಆದರೆ ಕೊಡುವ ಕೈಯೇ ಕಸಿದುಕೊಳ್ಳುವ ಕೈಯೂ ಆಗಿತ್ತು. 1940ರಿಂದ ದಶಕಗಳ ಕಾಲ ರೇಡಿಯೋದಲ್ಲಿ ಹಾರ್ಮೋನಿಯಂಗೆ ನಿಷೇಧವಿತ್ತು. ಪೇಟಿಯಿಲ್ಲದೆ ಭಜನೆ ಶುರುವಾಗದ ನಮ್ಮ ಸೀಮೆಯಲ್ಲಿ ಇದನ್ನು ಯಾರು ಕೇಳಿ ಮಾಡಿದರು? 1952ರಲ್ಲಿ ಮಂತ್ರಿ ಬಿ.ವಿ. ಕೇಸ್ಕರರಿಗೆ ಸಿನಿಮಾ ಹಾಡು ಕೀಳು ಎನಿಸಿತು; ಹಾಡು ಬಂದಾಯಿತು. ಜನ ರೇಡಿಯೋ ಸಿಲೋನಿಗೆ ಮುಳ್ಳು ತಿರುವಿದರು. ಆಮೇಲೆ 1957ರಲ್ಲಿ ವಿವಿಧ ಭಾರತಿ ಬಂತು. ಇವು ಹಾಡಿನ ಸಂಗತಿಗಳು, ನಕ್ಕು ಬಿಡಬಹುದು. 1975ರ ಜೂನ್ 26ರ ಬೆಳಿಗ್ಗೆ ತುರ್ತುಪರಿಸ್ಥಿತಿಯ ಸುದ್ದಿಯನ್ನು ಪ್ರಧಾನಿ ಹೇಳಿದ್ದು ಇದೇ ರೇಡಿಯೋದಲ್ಲಿ. ಆಮೇಲೆ ಅದನ್ನು ವಿರೋಧಿಸಿದವರ ದನಿಗೆ ಅಲ್ಲಿ ಜಾಗವಿರಲಿಲ್ಲ. ಅದನ್ನು ನಕ್ಕು ಬಿಡಲಾಗದು.

ಆ ಪೆಟ್ಟಿನಿಂದಲೇ ಕಾಯಿದೆಯ ಯೋಚನೆ ಬಂತು. ಬಿ.ಜಿ. ವರ್ಗೀಸರ ಸಮಿತಿ 1978ರಲ್ಲಿ ವರದಿ ಕೊಟ್ಟಿತು, 1990ರಲ್ಲಿ ಪ್ರಸಾರ ಭಾರತಿ ಕಾಯಿದೆಯಾಯಿತು, ಜಾರಿಗೆ ಬಂದದ್ದು 1997ರಲ್ಲಿ. ನಡುವೆ 1995ರಲ್ಲಿ ಸುಪ್ರೀಂ ಕೋರ್ಟು ಗಾಳಿಯಲೆಗಳು ಸಾರ್ವಜನಿಕರ ಸೊತ್ತು ಎಂದು ಹೇಳಿತು. ಕೇಳಲು ಎಷ್ಟು ಚೆಂದ! ಕಾಯಿದೆಯಲ್ಲಿ 22 ಸಂಸತ್ ಸದಸ್ಯರ ಸಮಿತಿಯೊಂದಿದೆ. ಅವರು ಪ್ರಸಾರ ಭಾರತಿಯ ಕೆಲಸದ ಮೇಲೆ ಕಣ್ಣಿಡಬೇಕು. ಕೇಳುಗರ ದೂರು ಆಲಿಸಲು ಪ್ರಸಾರ ಪರಿಷತ್ತೊಂದಿದೆ. ಇವೆರಡೂ ಕಾಗದದ ಮೇಲಿವೆ. ಯಾವ ಪಕ್ಷದ ಸರಕಾರ ಬಂದರೂ ಇವನ್ನು ರಚಿಸಲಿಲ್ಲ. ವಿರೋಧ ಪಕ್ಷದಲ್ಲಿದ್ದಾಗ ಸ್ವಾಯತ್ತತೆ ಬೇಕು, ಕುರ್ಚಿ ಸಿಕ್ಕ ಮೇಲೆ ಅದು ಊಟಕ್ಕಿಲ್ಲದ ಉಪ್ಪಿನಕಾಯಿ.

ರೊಕ್ಕದ ಕಥೆಯೂ ಅಷ್ಟೇ. ಹಿಂದೆ ರೇಡಿಯೋ ಇದ್ದ ಮನೆಯವರು ಪೋಸ್ಟಾಫೀಸಿಗೆ ಹೋಗಿ ಲೈಸೆನ್ಸಿನ ಹಣ ಕಟ್ಟುತ್ತಿದ್ದರು. 1980ರ ದಶಕದಲ್ಲಿ ಅದು ರದ್ದಾಯಿತು. ಈಗ ನಾವು ತೆರಿಗೆಯ ಮೂಲಕ ಕೊಡುತ್ತೇವೆ. ಸಂಸತ್ತು ಮಂಜೂರು ಮಾಡುತ್ತದೆ, ಸರಕಾರ ಎಣಿಸಿ ಪ್ರಸಾರ ಭಾರತಿಯ ಕೈಗಿಡುತ್ತದೆ. 2023ರ ಜನವರಿಯಲ್ಲಿ ಆಕಾಶವಾಣಿ ಮತ್ತು ದೂರದರ್ಶನದ ಸುಧಾರಣೆಗೆ 2,539 ಕೋಟಿ ರೂಪಾಯಿ ಮಂಜೂರಾಯಿತು. ಬೇಡವೆನ್ನುವವರಾರು? ಆದರೆ ಪ್ರತಿ ತಿಂಗಳು ಸಂತೆಯ ರೊಕ್ಕಕ್ಕೆ ಗಂಡನ ಮುಖ ನೋಡುವ ಹೆಣ್ಣುಮಗಳು ಅವನಿಗೆ ಎದುರು ಮಾತಾಡುವುದುಂಟೇ?

‘ರೊಕ್ಕ ಕೊಟ್ಟಾವ್ರ ಮಾತ ನಡೀತೈತಿ’ ಎನ್ನುವಿರಾದರೆ, ನಾನು ಶಾಲೆಯ ಉದಾಹರಣೆ ಕೊಡುತ್ತೇನೆ. ಸರಕಾರಿ ಶಾಲೆಯ ಪಗಾರ, ಬಿಸಿಯೂಟ, ಪುಸ್ತಕ ಎಲ್ಲವೂ ಸರಕಾರದ್ದೇ. ಆದರೂ 2001ರಿಂದ ಅಲ್ಲಿ ಎಸ್‌ಡಿಎಂಸಿ ಇದೆ. ಅದರಲ್ಲಿ ಪಾಲಕರು ಕೂಡ್ರುತ್ತಾರೆ. ಕೂಲಿಗೆ ಹೋಗುವ ತಾಯಿಯೂ ಬಂದು ‘ಅನ್ನ ಯಾಕ ಹಸಿ ಐತ್ರಿ ಬಾಯಾರ’ ಎಂದು ಕೇಳಬಹುದು, ನಾವು ಉತ್ತರ ಹೇಳಲೇಬೇಕು. ಒಂದು ಹಳ್ಳಿಯ ಶಾಲೆಗೆ ಸಾಧ್ಯವಾದದ್ದು ದೇಶದ ರೇಡಿಯೋಕ್ಕೆ ಏಕೆ ಸಾಧ್ಯವಿಲ್ಲ?

ಇನ್ನು ಕೆಲವರು ‘ಜಾಹೀರಾತಿನ ಮೇಲೆ ಬದುಕಲಿ ಬಿಡಿ’ ಎನ್ನುತ್ತಾರೆ. ಹುಬ್ಬಳ್ಳಿಯ ಖಾಸಗಿ ಎಫ್‌ಎಂ ಕೇಳಿ ನೋಡಿ. ಮೆಣಸಿನಕಾಯಿ ಬೆಳೆಗೆ ರೋಗ ಬಿದ್ದರೆ ಏನು ಮಾಡಬೇಕೆಂದು ಹೇಳಲು ಯಾವ ಸೀರೆ ಅಂಗಡಿಯವರು ಹಣ ಕೊಡುತ್ತಾರೆ? ಅವಕ್ಕೆ ಸ್ವಂತ ಸುದ್ದಿ ಹೇಳಲು ಅನುಮತಿಯೂ ಇಲ್ಲ. ಅಂದರೆ ರೇಡಿಯೋದ ಸುದ್ದಿಗೆ ಒಂದೇ ಬಾಯಿ, ಆ ಬಾಯಿಗೆ ಅನ್ನ ಹಾಕುವ ಕೈಯೂ ಒಂದೇ.

‘ಈಗ ರೇಡಿಯೋ ಯಾರು ಕೇಳತಾರ್ರೀ’ ಎಂದು ಮೊಬೈಲು ತೋರಿಸುವವರಿಗೆ ಒಂದೇ ಮಾತು: ಬಳಸದಿದ್ದರೂ ಬಾವಿಯನ್ನು ಪಕ್ಕದ ಮನೆಯವರಿಗೆ ಬರೆದುಕೊಡುವುದಿಲ್ಲ. ಮತ ಕೇಳಲು ಬಾಗಿಲಿಗೆ ಬರುವವರನ್ನು ನಾವು ನೀರು, ರಸ್ತೆ, ಗ್ಯಾಸು ಕೇಳುತ್ತೇವೆ. ಮುಂದಿನ ಸಲ ಲೋಕಸಭೆಗೆ ನಿಂತವರನ್ನು ಇದನ್ನೂ ಕೇಳೋಣ: ಆ 22 ಕುರ್ಚಿಗಳು ಯಾಕೆ ಖಾಲಿ ಇವೆ? ಉತ್ತರ ಗೊತ್ತಿಲ್ಲವೆಂದರೆ ತಿಳಿದುಕೊಂಡು ಬರಲು ಹೇಳೋಣ. ಚಹಾ ಆಮೇಲೆ.